ಹತ್ತು ಮಣಿ, ಹತ್ತು ಪದ

ಪಿಯೆದ್ರಾ ಗೋರ್ದಾ, ಆಂತಿಯೋಕಿಯಾ
೨೩ ಅಕ್ಟೋಬರ್ ೨೦೨೩, ಸೋಮವಾರ

ಪ್ರೀತಿಯ ನೀದಿಯಾ,

ಹೇಗಿದ್ದೀಯ ಮಗಳೇ? ಮೊಣಕೈ ನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಸ್ಪೇನಿನ ಆ ಮುದುಕಿಯನ್ನು ಒಬ್ಬಳೇ ಎತ್ತಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಎತ್ತಲೇಬೇಕಾದರೆ ಸೊಂಟಕ್ಕೆ ಬಟ್ಟೆ ಬಿಗಿದುಕೋ, ಮೊಣಕಾಲು ಬಗ್ಗಿಸು, ಅವಳನ್ನು ಎದೆಗೆ ಒರಗಿಸಿಕೊಂಡು ಮೇಲೇಳು. ನಿನ್ನ ಅಪ್ಪನನ್ನು ನಾಲ್ಕು ವರ್ಷ ಹಾಗೇ ಎತ್ತಿದವಳು ಈ ನಿನ್ನ ಸೋದರತ್ತೆ. ಎಪ್ಪತ್ತಾದರೂ ನನ್ನ ಸೊಂಟ ಗಟ್ಟಿಯಾಗಿದೆ, ನಾಲಿಗೆ ಅದಕ್ಕಿಂತ ಗಟ್ಟಿಯಾಗಿದೆ. ಎರಡನೇ ತರಗತಿಗೆ ಶಾಲೆ ಬಿಟ್ಟವಳ ಅಕ್ಷರ ಇದು, ಕೋಳಿ ಕೆದರಿದ ಹಾಗಿದ್ದರೂ ಸಹಿಸಿಕೊಂಡು ಓದು. ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿದೆ. ಕಾಗದವನ್ನು ಕತ್ತರಿಸಿದರೂ ಉಳಿದರ್ಧ ನಿನ್ನ ಮೇಜಿನ ಮೇಲೇ ಬಿದ್ದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತು ದಿನದ ಪ್ರಾರ್ಥನೆ ಮೊನ್ನೆ ಶನಿವಾರ ಮುಗಿಯಿತು. ಊರಿಗೆ ಊರೇ ಬಂದಿತ್ತು. ಅರ್ಧ ಜನ ನಿನ್ನ ಅಪ್ಪ ಲಿಬಾರ್ದೊಗಾಗಿ ಬಂದರು, ಇನ್ನರ್ಧ ಅವನ ತಲೆ ನೋಡಲು ಬಂದರು. ಮಣ್ಣು ಮಾಡಿದ ದಿನವೇ ಶುರುವಾಗಿತ್ತು ಈ ತಮಾಷೆ. ಪೆಟ್ಟಿಗೆ ತೆರೆದಿಟ್ಟಿದ್ದೆ, ಅವನ ಹುಲ್ಲಿನ ಟೋಪಿಯನ್ನು ಹಣೆಯವರೆಗೆ ಇಳಿಸಿದ್ದೆ. ಹಾಲಿನ ಡೇರಿಯ ಎದಿಲ್ಮಾ ಶಿಲುಬೆಯ ಗುರುತು ಮಾಡುವವಳ ಹಾಗೆ ಬಗ್ಗಿ ಟೋಪಿಯ ಅಂಚಿಗೆ ಬೆರಳು ಹಾಕಿದಳು. "ಒಳಗೆ ಏನ್ ತುಂಬಿದಾರೆ ಒರ್ಫೀಲಿಯಾ, ಹತ್ತೀನಾ?" ಅಂದಳು. "ನಿನ್ನ ತಲೇಲಿ ಏನಿದ್ಯೋ ಅದನ್ನೇ ತುಂಬಿದಾರೆ, ಕೈ ತೆಗಿ," ಅಂದೆ. ಪಾದ್ರಿಗಳು ಕೆಮ್ಮಿದರು. ಕೆಮ್ಮಲಿ. ಆ ಹೆಂಗಸಿನ ಮನೆಯಲ್ಲೂ ಇಬ್ಬರಿಗೆ ನಿನ್ನ ಅಪ್ಪನದೇ ಮರೆವಿನ ಮಂಕು ಹಿಡಿದಿದೆ, ನಲವತ್ತೈದು ದಾಟಿಲ್ಲ ಇಬ್ಬರೂ. ಅವರನ್ನು ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿ, ಹೊರಗೆ ಬಂದು ನನ್ನ ತಮ್ಮನ ಟೋಪಿ ಎತ್ತಿ ನೋಡುತ್ತಾಳೆ.

ಈಗ ನಿನ್ನ ಮಾತಿಗೆ ಬರುತ್ತೇನೆ. "ಯಾರನ್ನ ಕೇಳಿ ಮಿದುಳು ಡಾಕ್ಟರಿಗೆ ಕೊಟ್ಟೆ ಅತ್ತೆ? ನಮ್ಮಪ್ಪನ್ನ ಇಲಿ ಕೊಯ್ದಂಗೆ ಕೊಯ್ಸಿದೆಯಲ್ಲ, ನಿನಗೆ ಕರುಳಿದ್ಯಾ?" ಅಂದೆ ನೀನು. ಕರುಳಿದೆ. ಇಲ್ಲದಿದ್ದರೆ ಆ ಮಾತು ಇಷ್ಟು ದಿನ ಚುಚ್ಚುತ್ತಿರಲಿಲ್ಲ. ಯಾರನ್ನೂ ಕೇಳಲಿಲ್ಲ, ಸಹಿ ಹಾಕಿದವಳು ನಾನೇ. ಮಂಗಳವಾರ ಬೆಳಿಗ್ಗೆ ಬೆಲ್ಲದ ನೀರು ಒಂದು ಚಮಚ ಒಳಗೆ ಹೋಯಿತು, ಎರಡನೆಯದು ಹೋಗಲಿಲ್ಲ. ಕಣ್ಣು ಮುಚ್ಚಿಸಿ ಮೊದಲು ಫೋನ್ ಮಾಡಿದ್ದು ಪಾದ್ರಿಗಲ್ಲ, ನರ್ಸ್ ಅಲೈದಾಗೆ. ಮಿದುಳು ತೆಗೆಯುವ ಕೆಲಸ ಕೆಲವೇ ತಾಸಿನೊಳಗೆ ಆಗಬೇಕಂತೆ, ಆಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲವಂತೆ. ಗಾಡಿ ಬಂತು, ಮೆದೆಯೀನ್ ನಗರಕ್ಕೆ ಕರೆದುಕೊಂಡು ಹೋದರು, ಮರುದಿನ ಮಧ್ಯಾಹ್ನ ಶುಚಿಯಾಗಿ ತಂದುಕೊಟ್ಟರು. ಕೂದಲು ಬಾಚಿದ್ದರು ನೀದಿಯಾ. ನಾನು ಬಾಚುವ ಹಾಗೇ ಎಡಕ್ಕೆ ಬಾಚಿದ್ದರು.

ಯಾಕೆ ಕೊಟ್ಟೆ ಎಂದು ಹೇಳುವ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಬೇಕು. ಇದು ಊರಲ್ಲಿ ಯಾರಿಗೂ ಗೊತ್ತಿಲ್ಲ, ನಿನಗೂ ಹೇಳಿರಲಿಲ್ಲ.

ನಿನ್ನ ಅಪ್ಪನಿಗೆ ಮೊದಲು ಮಂಕು ಕವಿದದ್ದು ಆಲೆಮನೆಯಲ್ಲಿ, ನಿನಗೆ ನೆನಪಿದೆ. ಈ ಬೆಟ್ಟದ ಸಾಲಿನಲ್ಲಿ ಅವನಷ್ಟು ಚೆನ್ನಾಗಿ ಪಾಕ ಹಿಡಿಯುವವರು ಇರಲಿಲ್ಲ. ಕೊಪ್ಪರಿಗೆಗೆ ಸೌಟು ಅದ್ದಿ, ಎಳೆ ನೋಡಿ, "ಇಳ್ಸಿ" ಅಂದರೆ ಮುಗಿಯಿತು. ಆ ದಿನ ಸೌಟು ಹಿಡಿದು ನಿಂತೇ ಇದ್ದ, ಇಡೀ ಕೊಪ್ಪರಿಗೆ ಸೀದು ಕರಿಯಾಯಿತು. "ಯಾಕೋ ಹೇಳ್ಲಿಲ್ಲ?" ಅಂದರೆ, "ಏನ್ ಹೇಳ್ಬೇಕಿತ್ತು?" ಅಂದ. ನಲವತ್ತೈದು ಅವನಿಗೆ. ನಮ್ಮಮ್ಮನಿಗೂ ನಲವತ್ತೈದಕ್ಕೇ ಹಿಡಿದಿತ್ತು. ನನಗೆ ಆ ವಾಸನೆಯಲ್ಲೇ ಎಲ್ಲ ತಿಳಿಯಿತು.

ಮೆದೆಯೀನ್‌ನ ಡಾಕ್ಟರರು ಹೊಸ ಔಷಧಿಯ ಪರೀಕ್ಷೆಗೆ ಅವನನ್ನು ಸೇರಿಸಿಕೊಂಡಾಗ ನಾನು ಮೇರಿಮಾತೆಗೆ ಮೇಣದಬತ್ತಿ ಹಚ್ಚಿದೆ. ತಿಂಗಳಿಗೊಮ್ಮೆ ಸೂಜಿ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ನೀರು, ಯಾರಿಗೆ ಯಾವುದೆಂದು ಚುಚ್ಚುವವಳಿಗೂ ಗೊತ್ತಿಲ್ಲ. ಜೊತೆಗೊಬ್ಬರು ಹೋಗಬೇಕು, ಮನೆಯಲ್ಲಿ ಅವನು ಹೇಗಿದ್ದಾನೆಂದು ಹೇಳುವುದಕ್ಕೆ. ಆ ಜೊತೆಗಾತಿ ನಾನು. ಮೂರು ತಿಂಗಳಿಗೊಮ್ಮೆ ಅಲೈದಾ ಹತ್ತು ಪದ ಓದುತ್ತಿದ್ದಳು: ಸೇತುವೆ, ಬೆಣ್ಣೆ, ಸೂಜಿ, ಗಂಟೆ, ಕಪ್ಪೆ, ಟೋಪಿ, ನದಿ, ಕನ್ನಡಿ, ಮೊಳೆ, ರಾಣಿ. ಆಮೇಲೆ ಗಡಿಯಾರ ಬರೆಸುವುದು, ಪ್ರಾಣಿಗಳ ಹೆಸರು ಕೇಳುವುದು. ಕತ್ತೆ, ಹಸು ಎನ್ನುವ ಬದಲು ನಿನ್ನ ಅಪ್ಪ ನಮ್ಮ ಹೇಸರಗತ್ತೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದ, ಸತ್ತವುಗಳನ್ನೂ ಬಿಡದೆ. ಕೊನೆಗೆ ಆ ಹತ್ತು ಪದ ಹೇಳು ಎಂದರೆ ಮೂರು ಹೇಳಿದ. ನಾಲ್ಕನೆಯದಕ್ಕೆ ನನ್ನ ಮುಖ ನೋಡಿದ.

ಆ ನೋಟ ನನ್ನಿಂದ ತಡೆಯಲಾಗಲಿಲ್ಲ. ಎಂಟು ವರ್ಷದ ಹುಡುಗನಾಗಿದ್ದಾಗ, ನಮ್ಮಮ್ಮ ಅವನನ್ನು ನೋಡಿ "ಈ ಹುಡ್ಗ ಯಾರದು?" ಎಂದು ಕೇಳಿದ ದಿನ, ಹಾಗೇ ನನ್ನನ್ನು ನೋಡಿದ್ದ. ಅವತ್ತಿನಿಂದ ಅವನನ್ನು ಸಾಕಿದವಳು ನಾನು. ನನ್ನ ತಮ್ಮ ಅವರ ಮುಂದೆ ಫೇಲಾಗುವುದು ಎಂದರೇನು? ಅಂಕ ಇಳಿದರೆ ಹೊರಗೆ ಹಾಕುತ್ತಾರೆ, ಸೂಜಿ ನಿಲ್ಲಿಸುತ್ತಾರೆ ಎಂದುಕೊಂಡೆ. ಹಾಗೆಂದು ಯಾರೂ ಹೇಳಿರಲಿಲ್ಲ, ನನ್ನ ತಲೆಗೆ ಹೊಳೆದ ಬುದ್ಧಿ ಅದು. ಮನೆಗೆ ಬಂದು ಜಪಮಾಲೆ ತೆಗೆದೆ. ಅದರ ಒಂದೊಂದು ಭಾಗದಲ್ಲಿ ಹತ್ತು ಮಣಿ, ಅಲೈದಾಳ ಪದಗಳೂ ಹತ್ತು. ದೇವರೇ ಲೆಕ್ಕ ಹಾಕಿ ಕೊಟ್ಟ ಹಾಗಿತ್ತು. ದಿನಾ ಬೆಳಿಗ್ಗೆ ಜೋಳ ಬೀಸುವಾಗ ಅವನ ಕೈಗೆ ಮಾಲೆ ಕೊಟ್ಟು ಕೂರಿಸುತ್ತಿದ್ದೆ. ಒಂದು ಮಣಿ, ಸೇತುವೆ. ಒಂದು ಮಣಿ, ಬೆಣ್ಣೆ. ನಾನು ಅಂದ ಮೇಲೆ ಅವನು ಅನ್ನಬೇಕು. ತಪ್ಪಿದರೆ ಗದರುತ್ತಿದ್ದೆ, ಸರಿ ಹೇಳಿದರೆ ಬಿಸಿ ಅರೇಪಾ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದೆ. ಹೆಚ್ಚು ಓದದ ಜನ ನಾವು, ಪಾದ್ರಿ ಕೇಳಿದ್ದಕ್ಕೆಲ್ಲ ಹೀಗೆ ಉರುಹೊಡೆದು ಉತ್ತರ ಕೊಟ್ಟೇ ತಾನೆ ದೊಡ್ಡವರಾದದ್ದು? ಎರಡು ವರ್ಷ ಹೀಗೆ ನಡೆಯಿತು. ಒಂಬತ್ತು, ಹತ್ತು, ಒಂಬತ್ತು, ಹೀಗೇ ಅಂಕ. ಅಲೈದಾಳ ಮುಖ ಅರಳುತ್ತಿತ್ತು. ಒಬ್ಬ ದೊಡ್ಡ ಡಾಕ್ಟರ್ ಬಂದು ಅವನ ಕೈ ಕುಲುಕಿದ. ನಾನು ಪಕ್ಕದಲ್ಲಿ ಕೂತು ಬೀಗಿದೆ.

ಆಮೇಲೆ ಒಂದು ಸಲ ಅಲೈದಾ ಬೇರೆ ಪದಗಳ ಪಟ್ಟಿ ತಂದಳು. ಅವಳು ಓದುವುದಕ್ಕೆ ಬಾಯಿ ತೆರೆಯುವ ಮೊದಲೇ ನಿನ್ನ ಅಪ್ಪ ಕಣ್ಣು ಮುಚ್ಚಿದ, ಹೆಬ್ಬೆರಳಿನಿಂದ ತೋರುಬೆರಳು ಉಜ್ಜುತ್ತಾ ಶುರುಮಾಡಿದ. ಸೇತುವೆ, ಬೆಣ್ಣೆ, ಸೂಜಿ. ರಾಣಿಯವರೆಗೂ ಹೋಗಿ, "ಈಗಲೂ ನಮ್ಮ ಮರಣದ ವೇಳೆಯಲ್ಲಿಯೂ, ಆಮೆನ್" ಎಂದು ಎದೆಯ ಮೇಲೆ ಶಿಲುಬೆ ಹಾಕಿಕೊಂಡ. ಅಲೈದಾ ಪೆನ್ನು ಕೆಳಗಿಟ್ಟಳು. "ದೋನ್ಯಾ ಒರ್ಫೀಲಿಯಾ, ಏನ್ ಮಾಡಿದ್ರಿ ನೀವು?" ಅಂದಳು. "ಸಹಾಯ ಮಾಡ್ದೆ," ಅಂದೆ. "ಯಾರಿಗೆ? ಈ ಔಷಧಿ ಕೆಲ್ಸ ಮಾಡ್ತಿದ್ಯಾ ಅಂತ ನೋಡೋಕೆ ನಾವು ಕೂತಿದೀವಿ. ನಿಮ್ಮಿಂದ ಎರಡು ವರ್ಷ ಮಂಕು ನಮ್ಮ ಕಣ್ಣಿಂದ ತಪ್ಪಿಸ್ಕೊಂಡಿದೆ." ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು, ನಾನು ಚೀಲದಿಂದ ಜಪಮಾಲೆ ತೆಗೆದು ತೋರಿಸಿದೆ.

ಅವನನ್ನು ಹೊರಗೆ ಹಾಕಲಿಲ್ಲ. ರಕ್ತ, ತಲೆಯ ಚಿತ್ರಗಳು ಉಳಿದವು, ಪದಗಳ ಅಂಕ ಮಾತ್ರ ಹೊಡೆದುಹಾಕಿದರು. ಜೀಪಿನಲ್ಲಿ ಬರುವಾಗ ನಾನು ಕಿಟಕಿ ಕಡೆ ಮುಖ ತಿರುಗಿಸಿದ್ದೆ. ಅಷ್ಟರಲ್ಲಿ ಅವನ ಮಂಕು ತುಸು ಸರಿದು ಬೆಳಕು ಬಂದಿತ್ತು. ನಕ್ಕ. "ಅಕ್ಕಾ, ಹೊಗೆ ನೋಡಿ ಯಾರಾದ್ರೂ ಪಾಕ ಹೇಳ್ತಾರಾ? ಕೊಪ್ಪರಿಗೆ ಒಳಗೇ ನೋಡ್ಬೇಕು. ನಾನ್ ಸತ್ತಮೇಲೆ ಇದನ್ನ ಅವರಿಗೆ ಕೊಟ್ಬಿಡು," ಎಂದು ತಲೆ ಮುಟ್ಟಿಕೊಂಡ. "ಇದಕ್ಕೆ ಪಾಠ ಹೇಳ್ಕೊಡೋಕೆ ನಿನ್ ಕೈಲಾಗಲ್ಲ." ಮರುದಿನ ಕೇಳಿದರೆ ಆ ಮಾತೇ ನೆನಪಿರಲಿಲ್ಲ ಅವನಿಗೆ. ನನಗಿತ್ತು. ಇಬ್ಬರ ನೆನಪನ್ನೂ ಒಬ್ಬಳೇ ಹೊತ್ತವಳು ನಾನು. ಹೊತ್ತ ಮಾತನ್ನು ನಡೆಸಿಕೊಟ್ಟೆ. ನಿನ್ನ ಕ್ಷಮೆ ನನಗೆ ಬೇಡ.

ಆ ಔಷಧಿ ನಮ್ಮ ಮಂಕಿಗೆ ನಾಟಲಿಲ್ಲವೆಂದು ಆಮೇಲೆ ಹೇಳಿದರು. ಅವನಿಗೆ ಕೊಟ್ಟದ್ದು ಔಷಧಿಯೋ ನೀರೋ, ನಾನು ಕೇಳಲು ಹೋಗಲಿಲ್ಲ. ಊರಿನವರು, "ನೋಡಿದ್ರಾ, ಪಾದ್ರಿ ಶಾಪಕ್ಕೆ ಸೂಜಿ ಚುಚ್ಚೋಕೆ ಹೋದ್ರು," ಎಂದು ನಕ್ಕರು. ನಗಲಿ. ಒಂದು ಕೊಪ್ಪರಿಗೆ ಸೀದರೆ ಆಲೆಮನೆ ಮುಚ್ಚುತ್ತಾರೆಯೇ? ತಿಕ್ಕಿ ತೊಳೆದು ಮತ್ತೆ ಒಲೆಗೆ ಏರಿಸುತ್ತಾರೆ. ಈ ಮಂಕು ಹಿಂದೆ ಯಾವನೋ ಪಾದ್ರಿ ಈ ಬೆಟ್ಟದವರಿಗೆ ಹಾಕಿದ ಶಾಪ ಎಂದುಕೊಂಡೇ ನಮ್ಮಜ್ಜಿ ಸತ್ತಳು. ನಮ್ಮಮ್ಮನನ್ನು ಕಂಬಕ್ಕೆ ಕಟ್ಟುತ್ತಿದ್ದೆವು, ಹೊಳೆಗೆ ಹೋಗುತ್ತಾಳೆಂದು. ಕಟ್ಟಿದವಳು ನಾನೇ, ಗಂಟು ಈಗಲೂ ಬೆರಳಿನಲ್ಲಿದೆ. ನಿನ್ನ ಅಪ್ಪನನ್ನು ಯಾರೂ ಕಟ್ಟಲಿಲ್ಲ. ಡಾಕ್ಟರರು ಅವನನ್ನು "ದೋನ್ ಲಿಬಾರ್ದೊ" ಎಂದು ಮರ್ಯಾದೆಯಿಂದ ಕರೆದರು, ಕುರ್ಚಿ ಕೊಟ್ಟರು, ಹೇಸರಗತ್ತೆಗಳ ಹೆಸರನ್ನು ಬರೆದುಕೊಂಡರು. ಇಲಿಯನ್ನು ಯಾರೂ ಹಾಗೆ ಕರೆಯುವುದಿಲ್ಲ.

ಇನ್ನೊಂದು ಕೇಳಿದೆ ನೀನು: ಕೊನೆಗೆ ಅಪ್ಪ ನನ್ನ ಹೆಸರು ಹೇಳಿದರಾ ಎಂದು. ಎದಿಲ್ಮಾಳಂಥವಳಾಗಿದ್ದರೆ ಹೌದು ಅನ್ನುತ್ತಿದ್ದೆ. ಇಲ್ಲ ಮಗಳೇ. ನಿನ್ನ ಹೆಸರು ಎರಡು ವರ್ಷದ ಹಿಂದೆಯೇ ಹೋಯಿತು, ನನ್ನದು ಅದರ ಹಿಂದೆಯೇ ಹೋಯಿತು. ಆ ಹತ್ತು ಪದ ಮಾತ್ರ ಹೋಗಲಿಲ್ಲ. ಹೋಗುವ ಹಿಂದಿನ ದಿನವೂ ಬೆರಳು ಉಜ್ಜುತ್ತಾ "ಸೇತುವೆ... ಬೆಣ್ಣೆ" ಎನ್ನುತ್ತಿದ್ದ. ಎಂಥ ಹೆಡ್ಡಿ ನಾನು! ಹತ್ತು ಮಣಿಗಳಲ್ಲಿ ಒಂದಕ್ಕಾದರೂ ನಿನ್ನ ಹೆಸರು ಹಾಕಿದ್ದರೆ ಕೊನೆಯವರೆಗೂ ನೀನು ಅವನ ಬಾಯಲ್ಲಿರುತ್ತಿದ್ದೆ. ಕಪ್ಪೆಗೆ ಜಾಗ ಕೊಟ್ಟೆ, ಮೊಳೆಗೆ ಕೊಟ್ಟೆ. ನೀನು ಬೈಯಬೇಕಾದದ್ದು ಇದಕ್ಕೆ. ಇದಕ್ಕೆ ಬೈ, ತಲೆ ತಗ್ಗಿಸಿ ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಆ ಮುದುಕಿಗೆ ನನ್ನ ನಮಸ್ಕಾರ ಹೇಳು, ಅವಳಿಗೆ ನೆನಪಿದ್ದರೆ. ಮೇರಿಮಾತೆ ನಿನ್ನನ್ನು ತನ್ನ ಸೆರಗಿನಡಿ ಇಟ್ಟುಕೊಳ್ಳಲಿ. ಇಟ್ಟುಕೊಳ್ಳದಿದ್ದರೆ ನಾನು ಕೇಳುತ್ತೇನೆ ಅವಳನ್ನು.

ನಿನ್ನ ಸೋದರತ್ತೆ,
ಒರ್ಫೀಲಿಯಾ

ತಾ.ಕ.: ಪೇಟೆಗೆ ಹೋಗುವ ಜೀಪು ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ನೀನು ದೇಶ ಬಿಟ್ಟದ್ದು ಸಂಬಳಕ್ಕಲ್ಲ, ಅಪ್ಪನನ್ನು ನೋಡಿದಾಗಲೆಲ್ಲ ಅಲ್ಲಿ ನೀನೇ ಕೂತ ಹಾಗೆ ಕಾಣುತ್ತಿತ್ತು ಎಂದು ನನಗೆ ಗೊತ್ತು. ನಿನಗೀಗ ಮೂವತ್ತಮೂರು. ಅಲೈದಾ ಹೇಳಿದಳು, ಇನ್ನೂ ಮಂಕು ಮುಟ್ಟದವರಿಗೆ, ಅದು ಬರುವ ಮೊದಲೇ ಕೊಟ್ಟು ನೋಡುವ ಹೊಸ ಪರೀಕ್ಷೆ ಜನವರಿಗೆ ಶುರುವಾಗುತ್ತದಂತೆ. ಯಾರ ರಕ್ತದಲ್ಲಿ ಅದಿದೆ, ಯಾರದರಲ್ಲಿಲ್ಲ ಎಂದು ಹೇಳುವುದಿಲ್ಲವಂತೆ. ಇಲ್ಲದವರಿಗೂ ನೀರಿನ ಸೂಜಿ ಚುಚ್ಚುತ್ತಾರಂತೆ, ಯಾರಿಗೂ ಗೊತ್ತಾಗದಿರಲಿ ಎಂದು. ಹಾಗಾಗಿ ನೀನು ಹೆದರುವ ಆ ಉತ್ತರ ಯಾರೂ ನಿನ್ನ ಕೈಗೆ ಇಡುವುದಿಲ್ಲ. ಬರುವುದೂ ಬಿಡುವುದೂ ನಿನ್ನ ಬಾಯಿಂದಲೇ ಆಗಬೇಕು, ನಾನು ಸಹಿ ಹಾಕಿದರೆ ನಡೆಯುವುದಿಲ್ಲವಂತೆ. ಕೇಳಿ ನೋಡಿದೆ. ಆದರೆ ಜೊತೆಗಾತಿಯ ಜಾಗಕ್ಕೆ ನನ್ನ ಹೆಸರು ಬರೆಸಿ ಬಂದಿದ್ದೇನೆ. "ಮತ್ತೆ ನೀವಾ?" ಎಂದು ಅಲೈದಾ ಹಣೆ ಚಚ್ಚಿಕೊಂಡಳು. ಜಪಮಾಲೆ ಮನೆಯಲ್ಲೇ ಬಿಟ್ಟು ಬರುತ್ತೇನೆ, ಒಂದು ಪದವನ್ನೂ ಹೇಳಿಕೊಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಬಾ ನೀದಿಯಾ. ಯಾರೂ ಪಾಠ ಹೇಳಿಕೊಡದ ತಲೆಯೊಂದನ್ನು ಹೊತ್ತುಕೊಂಡು ಬಾ, ಸಾಕು.