ಒಬ್ಬಳೇ ಅನ್ನೋದಕ್ಕೆ ಎಷ್ಟೊಂದು ಇಂಗ್ಲಿಷ್

ಅಂಗಡಿಯಿಂದ,
ಗುರುವಾರ ಮಧ್ಯಾಹ್ನ, ಹನ್ನೆರಡನೇ ತಾರೀಖು

ಅಕ್ಕನ ಮನೆಯಲ್ಲಿ ಮುನಿಸಿಕೊಂಡು ಕೂತಿರೋ ನಮ್ಮ ಯಜಮಾನರಿಗೆ,

ಕಾಲು ಹೇಗಿದೆ? ಪಟ್ಟಿ ಬಿಚ್ಚಿದ ಮೇಲೆ ದಿನಾ ಸ್ವಲ್ಪ ನಡೀರಿ ಅಂತ ಡಾಕ್ಟರು ಹೇಳಿದ್ದನ್ನ ಕಿವಿಗೆ ಹಾಕ್ಕೊಂಡಿದೀರಾ, ಇಲ್ಲ ದಿಂಬಿಗೆ ಒರಗಿ ಟೀವಿ ನೋಡ್ತಾ ಇದೀರಾ? ರಾತ್ರಿ ನೋವು ಬಂದರೆ ಸುಮ್ಮನೆ ಹಲ್ಲು ಕಚ್ಚಿಕೊಂಡು ಮಲಗಬೇಡಿ, ನಿಮ್ಮಕ್ಕನ್ನ ಎಬ್ಬಿಸಿ. ನಾನೂ ಮಗಳೂ ಚೆನ್ನಾಗಿದೀವಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಕೆಲಸದ ಮಾತು ತೆಗೆದ ಕೂಡಲೇ "ಆಮೇಲೆ ಮಾತಾಡೋಣ" ಅಂತ ಇಟ್ಟುಬಿಡ್ತೀರಿ. ಕಾಗದ ಬರೆದರೆ ನಡುವೆ ಬಾಯಿ ಹಾಕೋಕಾಗಲ್ಲ. ಅದಕ್ಕೇ ಬರೀತಿದೀನಿ, ಪೂರ್ತಿ ಓದಿ.

ಪರೀಕ್ಷೆಗೆ ಹೋಗಿ ಬಂದೆ. ಯಾವ ಪರೀಕ್ಷೆ ಅಂತ ಮಾತ್ರ ಕೇಳಬೇಡಿ, ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ನಮ್ಮ ಬೀದಿಯ ಅಂಗಡಿಗಳೆಲ್ಲ ಒಂದೊಂದಾಗಿ ಆ ಹೊಸ ಗಾಜಿನ ಕಟ್ಟಡಕ್ಕೆ ಹೋಗ್ತಿವೆ. ಅಲ್ಲಿ ನಾವು ಅಂಗಡಿಗಳ ಹೆಸರಿನ ಬೋರ್ಡು ಬರೆದು ಹಾಕಬೇಕಾದರೆ ಕಟ್ಟಡದವರ ಪಾಸ್ ಬೇಕು. ಪಾಸ್ ಬೇಕಾದರೆ ಅವರ ಕಣ್ಣೆದುರಿಗೆ ಒಂದು ಬೋರ್ಡು ಹಾಕಿ ತೋರಿಸಬೇಕು, ಅವರ ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಹೇಳಬೇಕು. ಪಾಸ್ ಸಿಗಲಿಲ್ಲ ಅಂದರೆ ಬಣ್ಣದ ಡಬ್ಬಗಳನ್ನ ಮುಂದೆ ಇಟ್ಟುಕೊಂಡು ನೊಣ ಹೊಡೀತಾ ಕೂರಬೇಕು, ಆಮೇಲೆ ಅಂಗಡಿ ಶಟರ್ ಎಳೆದುಬಿಡಬೇಕು. ಇಷ್ಟೇ ವಿಷಯ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಮಗಳು ವಾರವಿಡೀ ನನಗೆ ಇಂಗ್ಲಿಷ್ ಪಾಠ ಮಾಡಿದಳು. ಸಾಹೇಬರು ಕೇಳೋದು ಒಂದೇ ಪ್ರಶ್ನೆಯಂತೆ, ಬೇರೆಯವರ ಸಹಾಯ ಇಲ್ಲದೆ ಕೆಲಸ ಮಾಡ್ತೀರಾ ಅಂತ. ಅಯ್ಯೋ, ಅದಕ್ಕೆ ಎಷ್ಟು ಪದ ಇಟ್ಟುಕೊಂಡಿದಾರೆ ರೀ ಇವರು! ಅಲೋನ್ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ ಅಂತ, ಅದನ್ನ ಹೇಳಿದರೆ ಪಾಪ ಅನ್ನಿಸುತ್ತಂತೆ, ಬೇಡ ಅಂದಳು. ಬೈ ಮೈಸೆಲ್ಫ್ ಅಂದರೆ ಪರವಾಗಿಲ್ಲ. ಆನ್ ಮೈ ಓನ್ ಅಂದರೆ ಸ್ವಲ್ಪ ಧೈರ್ಯವಂತಳ ಥರ. ಇಂಡಿಪೆಂಡೆಂಟ್ಲಿ ಅಂದರೆ ಮೇಲೆ ನಿಂತು ಹೇಳಿಕೊಡೋರು ಬೇಕಿಲ್ಲ. ಅನ್‌ಏಡೆಡ್ ಅನ್ನೋದಕ್ಕೆ ನಾಲಿಗೆ ತಿರುಗಲೇ ಇಲ್ಲ, ಬಿಟ್ಟೆ. ಎಲ್ಲಕ್ಕಿಂತ ದೊಡ್ಡದು ಸಿಂಗಲ್ ಹ್ಯಾಂಡೆಡ್ಲಿ, ನಾಲ್ಕು ಜನ ಮಾಡೋದನ್ನ ಒಬ್ಬರೇ ಮಾಡಿದರೆ ಹಾಗನ್ನಬೇಕಂತೆ. ಡ್ರಿಲ್ ಹಿಡಿಯೋಕೆ ನನಗೆ ಎರಡೂ ಕೈ ಬೇಕಲ್ಲೇ ಅಂದೆ. "ಅಮ್ಮಾ, ಸುಮ್ಮನೆ ಬಾಯಿಪಾಠ ಮಾಡು" ಅಂತ ಗದರಿಸಿದಳು, ಥೇಟ್ ನಿಮ್ಮ ಹಾಗೇ. ಅನ್ನಕ್ಕೆ ಇಟ್ಟು, ಬ್ರಶ್ ತೊಳೀತಾ, ಸ್ನಾನ ಮಾಡ್ತಾ ಅದನ್ನೇ ಒದರಿದೆ. ತಲೆ ಕೆಟ್ಟುಹೋಗಿತ್ತು.

ಮಾತಿನ ಭಾಗ ಸಲೀಸಾಗಿ ಮುಗೀತು. ಸಾಹೇಬರು ಕೇಳಿದರು, ನಾನು ಸಿಂಗಲ್ ಹ್ಯಾಂಡೆಡ್ಲಿ ಅಂತ ಒಂದು ಚೂರೂ ತಡವರಿಸದೆ ಹೇಳಿದೆ. ಅವರಿಗೂ ಖುಷಿಯಾಯ್ತು. ಆಮೇಲೆ ಏಣಿ ಒರಗಿಸಿದೆ, ಬೋರ್ಡನ್ನ ಹಗ್ಗದಲ್ಲಿ ಎಳೆದುಕೊಂಡು ಕೊಕ್ಕೆಗೆ ಸಿಕ್ಕಿಸಿದೆ, ಡ್ರಿಲ್ ಗೋಡೆಗೆ ಇಟ್ಟೆ. ಇಟ್ಟು "ಹಿಡ್ಕೊಂಡ್ರಾ?" ಅಂತ ಕೇಳಿದೆ. ಕೇಳಿ ಕಾಯ್ತಾ ನಿಂತೆ. ಮದುವೆಯಾದ ವರ್ಷದಿಂದ ನಾನು ಏಣಿ ಮೇಲೆ, ನೀವು ಕೆಳಗೆ ಅದನ್ನ ಹಿಡ್ಕೊಂಡು. ನೀವು ಹೂಂ ಅನ್ನೋ ತನಕ ನಾನು ಗುಂಡಿ ಒತ್ತಿದವಳೇ ಅಲ್ಲ. ಈ ಮೂರು ತಿಂಗಳು ಸ್ಟೂಲಿಗೆ ಎಟುಕೋ ಬೋರ್ಡುಗಳನ್ನಷ್ಟೇ ಹಾಕಿದ್ದು, ಹಾಗಾಗಿ ಗೊತ್ತಾಗಿರಲಿಲ್ಲ. ಬೆರಳು ಒತ್ತಲೇ ಇಲ್ಲ ರೀ. ಮತ್ತೆ ಜೋರಾಗಿ, "ಹಿಡ್ಕೊಂಡ್ರಾ ಅಂತ ಕೇಳಿದ್ದು" ಅಂತ ರೇಗಿದೆ, ಬೆಳಗ್ಗೆ ಬೆಳಗ್ಗೆ ನಿಮ್ಮ ಮೇಲೆ ರೇಗೋ ಹಾಗೆ. ಬಾಗಿಲ ಹತ್ತಿರ ಇದ್ದ ವಾಚ್‌ಮನ್ ಗಾಬರಿಯಾಗಿ ಓಡಿಬಂದು ಏಣಿ ಹಿಡಿದು, "ಹೂಂ ಕಣಮ್ಮ, ಹಿಡ್ಕೊಂಡಿದೀನಿ" ಅಂದ. ಆಗ ಬೆರಳು ಒತ್ತಿತು.

ಬೋರ್ಡು ಒಂದು ಕೂದಲೆಳೆಯಷ್ಟೂ ಓರೆಯಾಗಲಿಲ್ಲ. ಸಾಹೇಬರು ಒಳ್ಳೆಯವರೇ, ನಗು ತಡ್ಕೊಂಡು ಹೇಳಿದರು, ಕೆಲಸ ಚೆನ್ನಾಗಿದೆ, ಆದರೆ ಒಬ್ಬರೇ ಮಾಡಿದ ಹಾಗಾಗಲಿಲ್ಲ, ಮುಂದಿನ ತಿಂಗಳು ಮತ್ತೆ ಬನ್ನಿ, ಆಗ ಯಾರನ್ನೂ ಏನೂ ಕೇಳಬೇಡಿ. ಕಟ್ಟಡದ ಮೆಟ್ಟಿಲ ಮೇಲೆ ಕೂತೆ. ನಿಮ್ಮ ಮೇಲಿನ ಸಿಟ್ಟಿಗೆ ಅಳು ಬಂತು.

ಸಿಟ್ಟು ಯಾಕೆ ಅಂತೀರಾ? "ನನ್ನ ಕಾಲೇ ನಿಲ್ಲಲ್ಲ, ಇನ್ನು ಏಣಿ ಏನು ನಿಲ್ಲಿಸಲಿ, ಇನ್ಮೇಲೆ ನೀನೇ ನೋಡ್ಕೋ" ಅಂದಿರಲ್ಲ, ಅದಕ್ಕೆ. ಬಚ್ಚಲಲ್ಲಿ ಜಾರಿ ಬಿದ್ದಿದ್ದು ಕಾಲು, ಬುದ್ಧಿ ಯಾಕೆ ಜಾರಬೇಕು? ಒಬ್ಬಳೇ ಮಾಡೋಕೆ ಬರಲ್ಲ ಅಂತಲ್ಲ. ಹತ್ತು ದಿನ ಅಭ್ಯಾಸ ಮಾಡಿದರೆ ಅದೂ ಬರುತ್ತೆ, ಬೆರಳನ್ನೂ ಒಗ್ಗಿಸಿಕೊಳ್ತೀನಿ. ಆದರೆ ನೀವು ಅಲ್ಲಿ ಗೋಡೆ ನೋಡ್ಕೊಂಡು ಕೂತಿರಬೇಕು, ನಾನು ಇಲ್ಲಿ ನೀವಿಲ್ಲದೆ ಇರೋದನ್ನ ಕಲೀಬೇಕು, ಅದೂ ಇಂಗ್ಲಿಷಿನಲ್ಲಿ. ನನಗೆ ಇಷ್ಟ ಇಲ್ಲ. ಬಾಯಿಬಿಟ್ಟು ಹೇಳ್ತಿದೀನಿ, ಇಷ್ಟ ಇಲ್ಲ.

ನಿಮ್ಮಕ್ಕನಿಗೂ ಭಾವನಿಗೂ ನಮಸ್ಕಾರ ಹೇಳಿ. ಇಷ್ಟು ದಿನ ನಿಮ್ಮ ಮುಖ ಸಹಿಸಿದ್ದಕ್ಕೆ ಅವರಿಗೆ ಪುಣ್ಯ ಬರಲಿ. ಮಗಳು ಮುತ್ತು ಕಳಿಸಿದಾಳೆ.

ಇಂತಿ ನಿಮ್ಮ,
ಮನೆಯವಳು

ತಾ.ಕ.: ಅಂಚೆ ಡಬ್ಬ ತೆಗೆಯೋ ಹೊತ್ತಾಯ್ತು, ಬೇಗ ಹೇಳ್ತೀನಿ. ಮೆಟ್ಟಿಲಿಂದ ಎದ್ದು ಮನೆಗೆ ಬರಲಿಲ್ಲ, ವಾಪಸ್ ಒಳಗೆ ಹೋದೆ. ಜೋಡಿಯಾಗಿ ಕೆಲಸ ಮಾಡೋರಿಗೂ ಪಾಸ್ ಕೊಡ್ತಾರಂತೆ, ಆದರೆ ಇಬ್ಬರೂ ಒಟ್ಟಿಗೇ ಬಂದು ಮಾಡಿ ತೋರಿಸಬೇಕು, ಒಬ್ಬಳೇ ಬರೋದು, ಜೋಡಿಯಾಗಿ ಬರೋದು, ಎರಡರಲ್ಲಿ ಒಂದನ್ನೇ ಆರಿಸ್ಕೋಬೇಕಂತೆ. ಮುಂದಿನ ತಿಂಗಳು ಒಬ್ಬಳೇ ಬರೋದನ್ನ ಬಿಟ್ಟುಕೊಟ್ಟೆ, ನಿಮ್ಮ ಹೆಸರೂ ಸೇರಿಸಿದೆ. ಮಗಳಿಗೆ ಇನ್ನೂ ಹೇಳಿಲ್ಲ. ಜೋಡಿಗಳ ಪರೀಕ್ಷೆ ಮುಂದಿನ ತಿಂಗಳಲ್ಲ, ಬರೋ ಸೋಮವಾರ ಬೆಳಗ್ಗೆಯೇ ನಮ್ಮ ಸರದಿ. ನೀವು ಬರದಿದ್ದರೆ ಅಂಗಡಿ ಹೋಯ್ತು ಅಂತಲೇ ಲೆಕ್ಕ.