ಏಳು ಕೋಟಿ ಚಿಲ್ಲರೆಯ ಸವತಿ

ನಮ್ಮನೆ ಮೇಷ್ಟ್ರಿಗೆ,

ಹೋದ ವಾರ ನಿಮ್ಮ ಶಿಷ್ಯ ನಾಗರಾಜ ಹಿರಿಯೂರಿನಿಂದ ಬಂದಿದ್ದ. ಮತ್ತೋಡಿನ ಹೊಲದಲ್ಲಿ ನಿಮ್ಮ ಸಮಾಧಿಗೆ ನಿಲ್ಲಿಸುವ ಕಲ್ಲಿನ ಮೇಲೆ, ಹೆಸರಿನ ಕೆಳಗೆ, ಒಂದು ಸಾಲು ಕೆತ್ತಿಸಬೇಕಂತೆ. ದೇವರ ಸ್ತುತಿಯೋ ಏನೋ ಎಂದುಕೊಂಡೆ. "ಅಲ್ರಮ್ಮ, ಮೇಷ್ಟ್ರ ನಂಬರು ಹಾಕ್ಸಾಣ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಬದುಕಿದ್ದಾಗ ಅವಳ ಕಾಟ ಸಾಲದೆಂದು ಮಣ್ಣಿಗೂ ನಿಮ್ಮ ಜೊತೆ ಅವಳೇ ಬರಬೇಕೇ?

ಅವಳು ಅಂದರೆ ೭೩೯೩೯೧೩೩. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ನೀವಂತೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಿರಿ. ನಾನು ಹುಟ್ಟಿದ ದಿನ ನಿಮಗೆ ಒಂದು ಸಲವಾದರೂ ಹೀಗೆ ಬಾಯಿಗೆ ಬಂದಿತ್ತೇ?

ಮದುವೆಯಾದ ಹೊಸದರಲ್ಲಿ ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿದ್ದಿರಿ. ನಾನು ಹೊಸ ಸೀರೆ ಉಟ್ಟಿದ್ದೆ. ನೀವು ಕೊಳದ ಮೆಟ್ಟಿಲ ಮೇಲೆ ಕೂತು, ಒದ್ದೆ ಬೆರಳಿನಿಂದ ಕಲ್ಲಿನ ಮೇಲೆ ಈ ಸಂಖ್ಯೆ ಬರೆದಿರಿ. "ನೋಡೇ ಗೌರಿ, ಇದು ಅವಿಭಾಜ್ಯ. ಒಂದು, ತಾನು, ಇವೆರಡು ಬಿಟ್ರೆ ಯಾವುದರಿಂದ ಭಾಗಿಸಿದ್ರೂ ಶೇಷ ಉಳಿತೈತೆ." ಕೊನೆಯ ಅಂಕಿಯನ್ನು ಅಂಗೈಯಿಂದ ಒರೆಸಿದಿರಿ. "ಈಗ ಮಿಕ್ಕಿದ್ದೂ ಅವಿಭಾಜ್ಯ. ಇನ್ನೊಂದು ಒರೆಸ್ತೀನಿ, ಅದೂ ಅಷ್ಟೇ." ಒರೆಸುತ್ತ ಒರೆಸುತ್ತ ೭೩೯, ೭೩, ಕೊನೆಗೆ ಬರೀ ೭. ನಿಮ್ಮ ಕಣ್ಣು ಹೊಳೆದದ್ದೇನು! ಆ ಹೊಳಪು ನನ್ನ ಕಡೆಗೂ ತಿರುಗಲಿ ಎಂದು ನಾನು ಎಷ್ಟು ವರ್ಷ... ಹೋಗಲಿ ಬಿಡಿ. ಆವತ್ತೇ ಅದು ನನ್ನ ಪಾಲಿಗೆ 'ಅವಳು' ಆಯಿತು.

ಇನ್ನೊಂದು ದಿನ, ಮುದ್ದೆ ಆರಿ ಕಲ್ಲಾಗುತ್ತಿದ್ದರೂ ನೀವು ಕಾಗದ ಬಿಟ್ಟು ಎದ್ದಿರಲಿಲ್ಲ. "ಇಂಥ ಗುಣ ಇರೋವುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು ಕಣೇ. ಬಲಗಡೆಗೆ ಇನ್ಯಾವ ಅಂಕಿ ಬರೆದ್ರೂ ಕೆಡ್ತೈತೆ. ಇದರ ಪಕ್ಕ ಯಾರಿಗೂ ಜಾಗ ಇಲ್ಲ" ಅಂದಿರಿ. ಯಾರಿಗೂ ಅಂದರೆ ನನಗೂ ತಾನೇ?

ನೀವು ಹೋದ ಮೇಲೆ ಒಂದು ಮಧ್ಯಾಹ್ನ ಅವಳ ಬಂಡವಾಳ ಬಯಲು ಮಾಡೋಣವೆಂದು ಕೂತೆ. ಅವಳ ಬಲಗಡೆ ಸಮಸಂಖ್ಯೆ, ಐದು ನಿಲ್ಲುವುದಿಲ್ಲವೆಂದು ನನಗೂ ಗೊತ್ತು. ಒಂದು ಬರೆದು ನೀವು ಹೇಳಿಕೊಟ್ಟಂತೆ ಅಂಕಿಗಳನ್ನು ಕೂಡಿದೆ, ಮೂವತ್ತೊಂಬತ್ತು. ಮೂರರ ಮಗ್ಗಿಯಲ್ಲಿ ಸಿಕ್ಕಿಬಿತ್ತು. ಏಳು ಬರೆದೆ, ನಲವತ್ತೈದು. ಅದೂ ಹೋಯಿತು. ಮೂರು, ಒಂಬತ್ತು ನನ್ನ ಕೈಲಾಗಲಿಲ್ಲ. ಹೋದ ವಾರ ಬಂದಾಗ ನಾಗರಾಜನನ್ನೇ ಕೇಳಿದೆ. "ಅವೂ ನಿಲ್ಲಲ್ಲ ಬಿಡ್ರಿ" ಅಂದ. ಗೆದ್ದವಳು ಅವಳೇ. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ನಿನ್ನೆ ಹೊಸದುರ್ಗದಲ್ಲಿ ಕಲ್ಲು ಕೆತ್ತುವವನ ಹತ್ತಿರ ನಾನೇ ಹೋದೆ. ಚೀಟಿ ನೋಡಿ ಅವನು, "ಫೋನ್ ನಂಬರೇನಮ್ಮ? ಎರಡಂಕಿ ಕಮ್ಮಿ ಐತಲ್ಲ" ಅಂದ.

"ನಮ್ಮ ಯಜಮಾನ್ರ ಇನ್ನೊಬ್ಬಳು ಕಣಪ್ಪ. ಕೆತ್ತು."

ಅವನು ಉಳಿ ಕೆಳಗಿಟ್ಟು ನನ್ನ ಮುಖ ನೋಡಿದ. ಆಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, "ಪಕ್ಕದಾಗೆ ಜಾಗ ಉಳಿತೈತೆ, ಒಂದು ಹೂವು ಹಾಕ್ಲಾ?" ಅಂದ.

"ಹೂವು ಬೇಡ. ಅವಳ ಬಲಗಡೆಗೆ ಅಂಟಿಸಿಯೇ ಗೌರಮ್ಮ ಅಂತ ಹಾಕು. ಅದು ನನ್ನ ಹೆಸರು."

"ಅಯ್ಯೋ, ಬದುಕಿರೋರ ಹೆಸರು ಯಾರಾದ್ರೂ ಹಾಕ್ಸ್ತಾರೇನಮ್ಮ?"

"ಅವಳೂ ಸತ್ತಿಲ್ಲವಲ್ಲ, ಹಾಕಪ್ಪ" ಅಂದೆ.

ಬರುವ ಸೋಮವಾರ ಕಲ್ಲು ನಿಲ್ಲಿಸುತ್ತೇವೆ. ಕೂತು ಭಾಗಿಸಿ ನೋಡಿ ಮೇಷ್ಟ್ರೇ. ನಾನು ಬರುವವರೆಗೆ ನಿಮಗೆ ಅದೇ ಕೆಲಸ.

ನಿಮ್ಮ,
ಗೌರಿ