ತಿರುವಿನಲ್ಲಿ ಹಾರ್ನ್ ಹಾಕಿದವನ ಮಗುವಿಗೆ

ಸವಣೂರು,
ಸಂಕ್ರಾಂತಿಯ ಮರುದಿನ, 1988

ಇನ್ನೂ ಪರದೆಯ ಹಿಂದೆಯೇ ನಿಂತಿರುವ ನನ್ನ ಅಳಿಯ ಮಹಾರಾಜನೇ, ಅಥವಾ ಸೊಸೆ ಮಹಾರಾಣಿಯೇ,

ನಾನು ನಿನ್ನ ಸೋದರಮಾವ ತ್ಯಾಂಪಣ್ಣ. ನನ್ನ ಧ್ವನಿಯ ಪರಿಚಯ ನಿನಗೆ ಈಗಾಗಲೇ ಆಗಿರಬೇಕು. ಜಗಲಿಯಲ್ಲಿ ನಾನು ಬಾಯಿ ತೆರೆದರೆ ಸಾಕು, ನಿನ್ನ ಅಮ್ಮ ಸೀತು ಒಳಕೋಣೆಯಿಂದ, "ಅಣ್ಣ, ಸ್ವಲ್ಪ ಮೆಲ್ಲ ಮಾತಾಡು ಮಾರಾಯ, ಇದು ಒಳಗಿನಿಂದ ಒದೀತದೆ" ಎಂದು ಗದರುತ್ತಾಳೆ. ಒದೆ! ಚೆನ್ನಾಗಿ ಒದೆ! ಖಳನಾಯಕನ ಪ್ರವೇಶಕ್ಕೆ ನೆಲ ನಡುಗದಿದ್ದರೆ ಅದೆಂಥ ನಾಟಕ? ಪುತ್ತೂರಿನ ಗದ್ದೆಯಲ್ಲಿ ಕಂಪೆನಿ ನಾಟಕದವರು ಟೆಂಟು ಹಾಕಿದಾಗ ಹಾರ್ಮೋನಿಯಂ ಪೆಟ್ಟಿಗೆಗೆ ಒರಗಿಕೊಂಡೇ ಬೆಳೆದವನು ನಾನು. ದುಶ್ಶಾಸನನಾಗಿ ಕೂಗಿ ಕೂಗಿ ಕೆಟ್ಟ ಗಂಟಲು ಇದು. ಮೆಲ್ಲ ಮಾತಾಡು ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ನಾನೆಷ್ಟು ಕೂಗಿದರೂ ನಿನ್ನ ಅಮ್ಮನ ನಿದ್ದೆ ಕೆಡುವುದಿಲ್ಲ.

ನೀನು ಹುಟ್ಟಿ, ಅಕ್ಷರ ಕಲಿತು, ಇದನ್ನು ಓದುವ ಹೊತ್ತಿಗೆ ಊರಿನವರು ನಿನಗೆ ನಾನಾ ಕತೆ ಹೇಳಿರುತ್ತಾರೆ. ನಂಬಬೇಡ. ನಿನ್ನ ಅಪ್ಪ ಪ್ರೇಮನಾಥನಿಗೂ ನಿನ್ನ ಅಮ್ಮನಿಗೂ ಮದುವೆಯಾದದ್ದು ಹೇಗೆಂಬುದನ್ನು ಎದುರು ಸಾಲಿನಲ್ಲಿ ಕುಳಿತು ನೋಡಿದವನು ನಾನು. ನಿನ್ನ ಅಪ್ಪ ಒಂದು ಟೀವಿ ಆಟದಲ್ಲಿ ಹೀನಾಯವಾಗಿ, ಎಲ್ಲರೂ ಹೊಟ್ಟೆ ಹಿಡಿದು ನಗುವ ಹಾಗೆ ಸೋತ. ಅವನು ಹಾಗೆ ಸೋತದ್ದರಿಂದ ಈಗ ನೀನು ಒದೆಯುತ್ತಿದ್ದೀಯೆ!

ಪರದೆ ಏಳಲಿ. ಎರಡು ವರ್ಷದ ಹಿಂದಿನ ಮಾತು. ನಿನ್ನ ಅಪ್ಪ ಸವಣೂರಿನಿಂದ ಕಡಬಕ್ಕೆ ಟ್ರಿಪ್ ಹೊಡೆಯುವ ಜೀಪಿನ ಡ್ರೈವರ್. ಸೀತು ಆ ಜೀಪಿನಲ್ಲಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಉಳಿದದ್ದನ್ನು ನಾನು ಹೇಳುವುದಿಲ್ಲ, ನಾನು ಅವಳ ಅಣ್ಣ. ಅವನು ನನ್ನ ಗೆಳೆಯನೂ ಹೌದಾದ್ದರಿಂದ ಸಂಬಂಧದ ಮಾತನ್ನು ಅಪ್ಪನ ಕಿವಿಗೆ ಹಾಕುವ ಪಾತ್ರ ನನ್ನ ಪಾಲಿಗೆ ಬಂತು. ನನ್ನ ಅಪ್ಪ, ಅಂದರೆ ನಿನ್ನ ಅಜ್ಜ ದುಗ್ಗಪ್ಪ, ಊಟದ ಬಟ್ಟಲಿನಿಂದ ತಲೆ ಎತ್ತದೆ ಹೇಳಿದರು: "ಹುಡುಗ ಒಳ್ಳೆಯವನೇ ಇರಬಹುದು. ಜೀಪಿನವನಿಗೆ ಹುಡುಗಿ ಕೊಡ್ಲಿಕ್ಕಿಲ್ಲ."

ಅವರ ಬಲಗೈಯನ್ನು ನೀನು ನೋಡುತ್ತೀಯಲ್ಲ, ಮೊಣಕೈಯಲ್ಲಿ ಪೂರ್ತಿ ನೆಟ್ಟಗಾಗುವುದಿಲ್ಲ. ಬಹಳ ಹಿಂದೆ ಒಬ್ಬ ಡ್ರೈವರ್ ಕುರುಡು ತಿರುವಿನಲ್ಲಿ ಲಾರಿಯನ್ನು ಹಿಂದೆ ಹಾಕಲು ಹೋಗಿ ಜೀಪನ್ನು ನೀರು ಹರಿಯುವ ತೋಡಿಗೆ ಉರುಳಿಸಿದ್ದ. ಆ ಜೀಪಿನೊಳಗೆ ಅಪ್ಪ ಇದ್ದರು. ಅಂದಿನಿಂದ ಅವರು ಜೀಪು ಹತ್ತಲಿಲ್ಲ. ಬಸ್ಸು ಬಂದರೆ ಬಸ್ಸು, ಇಲ್ಲದಿದ್ದರೆ ನಡಿಗೆ. "ತಿರುವಿನಲ್ಲಿ ಎಂತ ಮಾಡ್ತಾನೆ ಅಂತ ನೋಡದೆ ನಾನು ಒಪ್ಪುದಿಲ್ಲ" ಎಂದರು. "ಹಾಗಾದ್ರೆ ಒಮ್ಮೆ ಅವನ ಜೀಪಿನಲ್ಲಿ ಕೂತು ನೋಡಿ" ಎಂದರೆ, "ಕೂರುದಿಲ್ಲ ಅಂತ ಹೇಳಿದ್ದು ನಿನಗೆ ಕೇಳಿಲ್ವಾ?" ನೋಡಬೇಕು, ಆದರೆ ಕೂರುವುದಿಲ್ಲ! ಇಂಥ ಗಂಟನ್ನು ಬಿಚ್ಚಲು ನಮ್ಮ ಕಂಪೆನಿ ನಾಟಕಗಳಲ್ಲಾದರೆ ಕೊನೆಯ ಅಂಕದಲ್ಲಿ ಆಕಾಶದಿಂದ ದೇವರು ಇಳಿಯುತ್ತಿದ್ದ. ಸವಣೂರಿಗೆ ದುಬೈಯಿಂದ ಹೈದರ್ ಇಳಿದ.

ಹೈದರ್ ಪೇಟೆಯ ಬಟ್ಟೆ ಅಂಗಡಿಯ ಮೂಸಕುಂಞಿ ಬ್ಯಾರಿಗಳ ಮಗ, ನನ್ನ ಶಾಲೆಯ ಜೊತೆಗಾರ. ರಜೆಗೆ ಬಂದವನು ಕಲರ್ ಟೀವಿ ತಂದಿದ್ದ, ಅದರ ಜೊತೆಗೆ ಒಂದು ಆಟದ ಪೆಟ್ಟಿಗೆ. ಕೈಯಲ್ಲಿ ಹಿಡಿಯಲು ಜೀಪಿನ ಗೇರಿನಂತಹ ಒಂದು ಕಪ್ಪು ಕೋಲು, ಅದರ ಬುಡದಲ್ಲಿ ಕೆಂಪು ಗುಂಡಿ. ಗುಂಡಿ ಒತ್ತಿದರೆ ಟೀವಿಯೊಳಗಿನ ಕಾರು ಓಡುತ್ತದೆ, ಬಿಟ್ಟರೆ ನಿಧಾನವಾಗುತ್ತದೆ, ಕೋಲು ವಾಲಿಸಿದ ಕಡೆಗೆ ತಿರುಗುತ್ತದೆ. ಅಂಗಡಿಯ ಮಾಳಿಗೆಯಲ್ಲಿ ಅದನ್ನು ಇಟ್ಟದ್ದೇ ತಡ, ಸವಣೂರು ಪೇಟೆಯೇ ಮೆಟ್ಟಿಲು ಹತ್ತಿತು.

ಅದಕ್ಕೆ ಎರಡು ಕ್ಯಾಸೆಟ್ ಇದ್ದವು. ಒಂದರಲ್ಲಿ ಕೋಳಿಮೊಟ್ಟೆಯ ಆಕಾರದ ಉರುಟು ದಾರಿ. ಹದ್ದು ಮೇಲಿನಿಂದ ನೋಡಿದಂತೆ ಇಡೀ ಓಟದ ಕಣ ಒಮ್ಮೆಗೇ ಕಾಣುತ್ತದೆ. ಇಬ್ಬರ ಎರಡು ಕಾರು, ಬೆಂಕಿಪೆಟ್ಟಿಗೆಯಷ್ಟು ದೊಡ್ಡವು, ಎಡಕ್ಕೆ ಎಡಕ್ಕೆ ಎಡಕ್ಕೆ ಸುತ್ತುತ್ತಲೇ ಇರಬೇಕು. ಇನ್ನೊಂದರಲ್ಲಿ ರಸ್ತೆ. ಅದು ನಮ್ಮ ಎದೆಗೇ ನುಗ್ಗಿ ಬರುತ್ತದೆ, ಬಲಕ್ಕೆ ಬಳುಕಿ, ಎಡಕ್ಕೆ ಹೊರಳಿ, ಗುಡ್ಡದ ಮರೆಗೆ ಹೋಗಿಬಿಡುತ್ತದೆ. ಮುಂದಿನ ತಿರುವಿನ ಆಚೆ ಏನುಂಟು ಎಂದು ಅಲ್ಲಿಗೆ ಹೋಗುವ ತನಕ ತಿಳಿಯುವುದಿಲ್ಲ.

ಊರು ಎರಡು ಪಾಲಾಯಿತು, ಮಗೂ! ಹೋಟೆಲಿನಲ್ಲಿ ಚಹಾ ಆರುತ್ತಿತ್ತು, ವಾದ ಕುದಿಯುತ್ತಿತ್ತು. ಹೈದರನದು ಉರುಟು ಪಾರ್ಟಿ. "ಅದರಲ್ಲಿ ಗುಂಡಿಯಿಂದ ಬೆರಳು ತೆಗೀಲಿಕ್ಕೇ ಇಲ್ಲ. ಗಂಡಸಾದವ ಆಡುವ ಆಟ ಅದು" ಎಂದು ಅವನು. ರಸ್ತೆ ಪಾರ್ಟಿಗೆ ನಿನ್ನ ಅಪ್ಪನೇ ಮುಖಂಡ. "ಹಾಗಾದ್ರೆ ಗಾಣದ ಎತ್ತಿಗೆ ಲೈಸೆನ್ಸ್ ಕೊಡಿಸು ಮಾರಾಯ, ಅದೂ ಹಾಗೇ ಸುತ್ತುದು" ಎಂದು ಇವನು. ಹೈದರನ ತಾಯಿ ಅಲೀಮಮ್ಮ ಬಾಗಿಲ ಮರೆಯಿಂದ ಎರಡೂ ಪಾರ್ಟಿಗೆ ಬಯ್ಯುತ್ತಿದ್ದರು: "ಒಂದು ನೋಡಿದ್ರೆ ತಲೆ ತಿರುಗ್ತದೆ, ಇನ್ನೊಂದು ನೋಡಿದ್ರೆ ವಾಂತಿ ಬರ್ತದೆ. ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ?"

ನಾನು ಉರುಟು ಪಾರ್ಟಿ. ಇವತ್ತಿಗೂ ಹೌದು, ನಾಚಿಕೆಯಿಲ್ಲ. ಉರುಟು ದಾರಿಯೆಂದರೆ ರಂಗಭೂಮಿ. ಯಾರು ಮುಂದೆ, ಯಾರು ಹಿಂದೆ, ಯಾವ ಪಾಪಿ ಯಾರನ್ನು ಗುದ್ದಲು ಹೊಂಚು ಹಾಕಿದ್ದಾನೆ, ಎಲ್ಲವೂ ಪ್ರೇಕ್ಷಕನಿಗೆ ಕಾಣುತ್ತದೆ. ರಸ್ತೆಯ ಆಟದಲ್ಲಿ ನೋಡುವವನಿಗೇನು ಸುಖ? ಆಡುವವನ ಬೆನ್ನು!

ಆದರೆ ಒಂದು ಮಧ್ಯಾಹ್ನ ಆ ಬೆನ್ನನ್ನೇ ನೋಡುತ್ತಾ ಕುಳಿತಿದ್ದಾಗ ನನ್ನ ತಲೆಯೊಳಗೆ ಮಿಂಚು ಹೊಡೆಯಿತು. ಜೀಪು ಹತ್ತದೆ ಪ್ರೇಮನಾಥ ಓಡಿಸುವುದನ್ನು ನೋಡಬೇಕೆ? ಇಗೋ, ಇಲ್ಲಿ! ಭಾನುವಾರ ಹೈದರನಿಗೂ ಪ್ರೇಮನಾಥನಿಗೂ ಪಂದ್ಯವೆಂದು ಪೇಟೆಗೆಲ್ಲ ಸಾರಿದೆ. ಅಪ್ಪನ ಬಳಿಗೆ ಹೋಗಿ, "ಟೀವಿ ಉರುಳಿ ತೋಡಿಗೆ ಬೀಳುದಿಲ್ಲ, ಬನ್ನಿ" ಎಂದೆ. ಅವರು ಮೈ ಒರಸುವ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಹೊರಟರು.

ಭಾನುವಾರ ಮಾಳಿಗೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಅಪ್ಪ, ನೆಟ್ಟಗಾಗದ ಕೈ ತೊಡೆಯ ಮೇಲೆ. ಬಾಗಿಲ ಮರೆಯಲ್ಲಿ ಅಲೀಮಮ್ಮ, ಅವರ ಬೆನ್ನ ಹಿಂದೆ ಸೀತು. ನಾನು ಮೇಜಿನ ಪಕ್ಕ ನಿಂತು ವರ್ಣನೆಗೆ ಗಂಟಲು ಸರಿಮಾಡಿಕೊಂಡೆ. ಮೊದಲು ಉರುಟು ದಾರಿ. ಅಯ್ಯಯ್ಯೋ, ಅಂದು ನಿನ್ನ ಅಪ್ಪನನ್ನು ನೀನು ನೋಡಬೇಕಿತ್ತು! ಕೆಂಪು ಗುಂಡಿಯನ್ನು ಒತ್ತಿದವನು ಬಿಡಲೇ ಇಲ್ಲ. ಹೈದರನ ಕಾರನ್ನು ಒಳಗಿನಿಂದ ಹಿಂದೆ ಹಾಕಿದ, ಹೊರಗಿನಿಂದ ಹಿಂದೆ ಹಾಕಿದ, ಕೊನೆಗೆ ಗೋಡೆಗೆ ಒತ್ತಿ ಹಿಂದೆ ಹಾಕಿದ. ನಾನು ಕೂಗಿದ ಕೂಗಿಗೆ ಕೆಳಗೆ ಅಂಗಡಿಯಲ್ಲಿ ಬಟ್ಟೆಯ ಕಟ್ಟು ಬಿತ್ತಂತೆ. ಗೆದ್ದ! ಉರುಟು ಪಾರ್ಟಿಯವರ ಆಟದಲ್ಲೇ ಅವರನ್ನು ಗೆದ್ದ! ನಾನು ಹಿಗ್ಗಿ ಅಪ್ಪನ ಕಡೆ ತಿರುಗಿದೆ.

ಅಪ್ಪನ ಮುಖ ಅಮಾವಾಸ್ಯೆ. "ಕಂಡಿತಲ್ಲ," ಎಂದರು ನನಗೊಬ್ಬನಿಗೇ ಕೇಳುವಂತೆ, "ಇವನು ಓಡಿಸುದು ಹೀಗೆ." ಎದ್ದು ಬೈರಾಸು ಕೊಡವಿದರು. ಬಾಗಿಲ ಮರೆಯಲ್ಲಿ ಬಳೆಯ ಸದ್ದು ನಿಂತಿತು. ನನ್ನ ನಾಟಕ ನನ್ನ ಕಣ್ಣೆದುರಲ್ಲೇ ದುರಂತಕ್ಕೆ ತಿರುಗುತ್ತಿತ್ತು. ನಾನು ಅಡ್ಡ ನಿಂತು ಕೈ ಮುಗಿದೆ: "ಅಪ್ಪಾ, ಇದರಲ್ಲಿ ಇರುದು ಒಂದೇ ತಿರುವು, ಅದೂ ಮೊದಲೇ ಕಾಣ್ತದೆ. ರಸ್ತೆಯದ್ದು ನೋಡಿ ಹೋಗಿ." ಅವರು ಕೂರಲಿಲ್ಲ. ಹೋಗಲೂ ಇಲ್ಲ. ಕುರ್ಚಿಯ ಹಿಂದೆ ನಿಂತರು.

ರಸ್ತೆಯ ಆಟದಲ್ಲಿ ಒಬ್ಬೊಬ್ಬರೇ ಓಡಿಸಬೇಕು. ಕೊಟ್ಟ ಸಮಯ ಮುಗಿಯುವುದರೊಳಗೆ ಸುತ್ತು ಮುಗಿಸದಿದ್ದರೆ ಸೋಲು. ಹೈದರ್ ಅಲ್ಲಲ್ಲಿ ಗುದ್ದಿಕೊಂಡರೂ ಹೇಗೋ ಮುಗಿಸಿದ. ಕೋಲು ಪ್ರೇಮನಾಥನ ಕೈಗೆ ಬಂತು. ನೇರ ರಸ್ತೆಯಲ್ಲಿ ಬಾಣದಂತೆ ಹೊರಟ. ನಾನು ಬಾಯಿ ತೆರೆದು ವರ್ಣನೆಗೆ ಶುರು ಮಾಡಬೇಕು, ಅಷ್ಟರಲ್ಲಿ ಮೊದಲ ತಿರುವು ಬಂತು.

ಗುಂಡಿಯಿಂದ ಬೆರಳು ತೆಗೆದ. ತೆಗೆದು, ಮೈಯನ್ನು ಪೂರ್ತಿ ಎಡಕ್ಕೆ ವಾಲಿಸಿ, ಬಾಯಿಯಲ್ಲಿ, "ಪೊಂ... ಪೊಂ..." ಎಂದ.

ಹಾರ್ನ್! ಟೀವಿಯೊಳಗಿನ ಕಾರಿಗೆ ಬಾಯಲ್ಲಿ ಹಾರ್ನ್!

ಮಾಳಿಗೆ ನಗೆಯಿಂದ ಅಲುಗಾಡಿತು. ಅವನಿಗೆ ಕೇಳಿಸಲಿಲ್ಲ. ಎದುರಿಗೊಂದು ಹಳದಿ ಕಾರು ಆಮೆಯಂತೆ ಹೋಗುತ್ತಿತ್ತು. ಇವನು ತಿರುವು ಮುಗಿಯುವ ತನಕ ಅದರ ಹಿಂದೆಯೇ, ಮೆರವಣಿಗೆಯಲ್ಲಿ ಹೋದಂತೆ ಹೋದ. "ಹಿಂದೆ ಹಾಕು! ಇದರಲ್ಲಿ ಎದುರಿನಿಂದ ಯಾವುದೂ ಬರ್ಲಿಕ್ಕಿಲ್ಲ ಮಾರಾಯಾ!" ಎಂದು ಹೈದರ್ ಅರಚಿದ. ಪೊಂ ಪೊಂ ಎಂಬುದೇ ಉತ್ತರ. ಬಾಗಿಲ ಮರೆಯಿಂದ ಅಲೀಮಮ್ಮ, "ಎಂತದು ಸೀತು ಇದು? ನಿನ್ನ ಡ್ರೈವರ್ ಇನ್ನು ಟೀವಿಗೆ ಜನ ಹತ್ತಿಸ್ಲಿಕ್ಕೆ ನಿಲ್ಲಿಸ್ತಾನಾ?" ಎಂದರು.

ಅಷ್ಟರಲ್ಲಿ ಬಂತು ನೋಡು ದೊಡ್ಡ ತಿರುವು. ಅದರ ತುದಿಯಲ್ಲಿ, ರಸ್ತೆಯ ಬದಿಗೆ, ಯಾವುದೋ ಕಂಪೆನಿಯ ಕೆಂಪು ಫಲಕ. ಕಡಬದ ದಾರಿಯಲ್ಲಿ ಗುಳಿಗ ದೈವದ ಕಟ್ಟೆ ಇರುವುದೂ ಹಾಗೆಯೇ, ದೊಡ್ಡ ತಿರುವಿನ ತುದಿಯಲ್ಲಿ. ಅಲ್ಲಿ ಜೀಪನ್ನು ನಿಲ್ಲಿಸಿದಂತೆ ಮಾಡಿ, ಕೈ ಎತ್ತಿ ಹಣೆಗೆ ಮುಟ್ಟಿಸದೆ ನಮ್ಮ ಡ್ರೈವರುಗಳು ಯಾರೂ ಮುಂದೆ ಹೋಗುವುದಿಲ್ಲ. ನಿನ್ನ ಅಪ್ಪ ಕಾರನ್ನು ನಿಧಾನ ಮಾಡಿದ. ನಿಧಾನ ಮಾಡಿ, ಕೋಲು ಬಿಟ್ಟು, ಟೀವಿಯೊಳಗಿನ ಫಲಕಕ್ಕೆ ಭಕ್ತಿಯಿಂದ ಕೈ ಮುಗಿದ! ಕೈ ಮುಗಿದವನ ಕಾರು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಅದೇ ಫಲಕಕ್ಕೆ ಹೋಗಿ ಗುದ್ದಿ ಸಿಡಿಯಿತು. ಸಮಯ ಮುಗಿಯಿತು. ಆಟವೂ ಮುಗಿಯಿತು.

ನಕ್ಕು ನಕ್ಕು ಜನ ಒಬ್ಬರ ಮೇಲೊಬ್ಬರು ಬಿದ್ದರು. ನಿನ್ನ ಅಪ್ಪ ಕಿವಿಯವರೆಗೆ ಕೆಂಪಾಗಿ, "ಕೈ ತಾನಾಗಿ ಹೋಯ್ತು ತ್ಯಾಂಪಣ್ಣ" ಎಂದು ನೆಲ ನೋಡಿದ. ಆಗ ಕುರ್ಚಿಯ ಹಿಂದಿನಿಂದ ಅಪ್ಪ ಮುಂದೆ ಬಂದರು. ನಗೆ ತಾನಾಗಿ ತಣ್ಣಗಾಯಿತು.

"ಆ ಹಳದಿ ಕಾರನ್ನು ಯಾಕೆ ಹಿಂದೆ ಹಾಕ್ಲಿಲ್ಲ?"

"ತಿರುವಲ್ವಾ ದುಗ್ಗಪ್ಪಣ್ಣ."

"ಎದುರಿನಿಂದ ಬರ್ಲಿಕ್ಕಿಲ್ಲ ಅಂತ ಹೈದರ್ ಹೇಳಿದ್ನಲ್ಲ."

"ಹೇಳಿದ್ದು ಹೌದು. ಆದ್ರೆ ಆಚೆ ಬದಿ ನಂಗೆ ಕಾಣ್ತಾ ಇರ್ಲಿಲ್ಲ."

ಅಪ್ಪ ಬಗ್ಗಿದ ಮೊಣಕೈಯನ್ನು ಇನ್ನೊಂದು ಕೈಯಿಂದ ಒಮ್ಮೆ ಸವರಿಕೊಂಡರು. ಎಂಥ ಮೌನ ಅದು! ಅಂಥ ಒಂದು ಮೌನಕ್ಕಾಗಿ ನಾನು ಇಪ್ಪತ್ತು ವರ್ಷ ರಂಗದ ಮೇಲೆ ಬೊಬ್ಬೆ ಹೊಡೆದದ್ದು ವ್ಯರ್ಥ. ಆಮೇಲೆ ಕೇಳಿದರು: "ನಾಳೆ ಕಡಬಕ್ಕೆ ನಿನ್ನ ಮೊದಲ ಟ್ರಿಪ್ ಎಷ್ಟು ಹೊತ್ತಿಗೆ?"

"ಏಳಕ್ಕೆ."

"ಎದುರಿನ ಸೀಟು ಖಾಲಿ ಇಡು."

"ಆಯ್ತು ಮಾವ" ಎಂದುಬಿಟ್ಟ ನಿನ್ನ ಅಪ್ಪ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. "ಅಬ್ಬಾ, ಇಷ್ಟು ಹೊತ್ತು ಹಿಂದೆ ಹಾಕದವ ಈಗ ಹಾಕಿದ ನೋಡಿ!" ಎಂದು ಅಲೀಮಮ್ಮ ಚಪ್ಪಾಳೆ ತಟ್ಟಿದರು. ಬಾಗಿಲ ಮರೆಯ ಬಳೆಗಳು ಓಡಿಹೋದ ಸದ್ದು ಮೆಟ್ಟಿಲಿನ ತನಕ ಕೇಳಿಸಿತು.

ಮರುದಿನ ಬೆಳಿಗ್ಗೆ ಪೇಟೆಯ ಅರ್ಧ ಜನ ಜೀಪ್ ಸ್ಟ್ಯಾಂಡಿನಲ್ಲಿ ಕಾದಿದ್ದರು. ಅಪ್ಪ ಬಂದರು, ಮುಖ ಬಿಗಿದು ಎದುರಿನ ಸೀಟಿಗೆ ಹತ್ತಿದರು. ನಾನು ಹಿಂದೆ ಜೋತುಬಿದ್ದೆ. ಮೊದಲ ತಿರುವಿನಲ್ಲಿ ಅವರು ಎದುರಿನ ಸರಳನ್ನು ಬಿಗಿಯಾಗಿ ಹಿಡಿದರು. ಪೊಂ ಪೊಂ ಎಂದಿತು ಜೀಪು. ಮುಂದಿನ ತಿರುವಿನಲ್ಲಿ ಹಿಡಿತ ಸಡಿಲವಾಯಿತು. ಗುಳಿಗನ ಕಟ್ಟೆಯ ಹತ್ತಿರ ನಿನ್ನ ಅಪ್ಪ ಜೀಪು ನಿಲ್ಲಿಸಿದಂತೆ ಮಾಡಿ ಕೈ ಎತ್ತಿದ. ಪಕ್ಕದಲ್ಲಿ ಆ ಬಗ್ಗಿದ ಕೈಯೂ ಎಷ್ಟು ಏಳುತ್ತದೋ ಅಷ್ಟು ಎದ್ದಿತು.

ಕಡಬದಲ್ಲಿ ಇಳಿದು ಅಪ್ಪ ಹೇಳಿದ್ದು ಒಂದೇ ಮಾತು: "ಸ್ವಲ್ಪ ಜಾಸ್ತಿಯೇ ನಿಧಾನ."

ಹೈದರ್ ಮದುವೆ ಊಟ ಮುಗಿಸಿಯೇ ದುಬೈಗೆ ಹೋದ. ಉರುಟೇ ಮೇಲು ಎಂದು ಈಗಲೂ ಕಾಗದ ಬರೆಯುತ್ತಾನೆ, ನಾನೂ ಹೌದೆಂದು ಉತ್ತರಿಸುತ್ತೇನೆ. ಆದರೆ ಒಂದು ಮಾತು, ನಿನ್ನ ಅಪ್ಪನಿಗೆ ಹೇಳಬೇಡ: ಉರುಟು ದಾರಿಯಲ್ಲಿ ಯಾರು ಗೆದ್ದರೆಂದು ತಿಳಿಯುತ್ತದೆ, ಹೆಣ್ಣು ಕೊಡಬೇಕಾದರೆ ಮಾತ್ರ ರಸ್ತೆಯನ್ನೇ ನೋಡಬೇಕು.

ಈಗ ನಿನ್ನ ವಿಷಯ. ಅಮ್ಮನಿಗೆ ನೋವು ಶುರುವಾದರೆ ಪುತ್ತೂರಿನ ಆಸ್ಪತ್ರೆಗೆ ಯಾವ ಗಾಡಿ ಎಂದು ಮೊನ್ನೆ ಮಾತು ಬಂತು. ಯಾರೋ ಕಾರು ಕಳಿಸುತ್ತೇನೆಂದರು. ಜೀಪು ಹತ್ತದ ಶಪಥ ಮಾಡಿದ್ದ ಆ ಮುದುಕ ಗುಡುಗಿದರು, ನನಗಿಂತಲೂ ಜೋರಾಗಿ: "ನನ್ನ ಮಗಳು ಹೋಗುದು ಪ್ರೇಮನಾಥನ ಜೀಪಿನಲ್ಲೇ. ಎದುರಿನ ಸೀಟಿನಲ್ಲಿ ನಾನು." ಹಾಗಾಗಿ ನಿನ್ನ ಮೊದಲ ಪಯಣ ನಿಶ್ಚಯವಾಗಿದೆ, ದೊರೆಯೇ. ದಾರಿಯಲ್ಲಿ ಒಂದು ಸದ್ದು ಕೇಳಿದರೆ ಹೆದರಬೇಡ, ಅದು ತಿರುವಿನಲ್ಲಿ ನಿನ್ನ ಅಪ್ಪ. ಜೀಪಿನ ಹಿಂದಿನಿಂದ ಯಾರೋ ಬೊಬ್ಬೆ ಹೊಡೆದರೆ ಅದು ನಾನು.

ಅವಸರ ಮಾಡಬೇಡ. ಆಚೆ ಬದಿ ಏನುಂಟೆಂದು ನಿನಗಿನ್ನೂ ಕಾಣುವುದಿಲ್ಲ. ನಮಗೆ ಕಾಣುತ್ತದೆ: ಅಲ್ಲಿ ಎಲ್ಲರೂ ನಿನಗಾಗಿ ಕಾದು ನಿಂತಿದ್ದಾರೆ. ಮೆಲ್ಲ ತಿರುಗಿ, ಜೋರಾಗಿ ಅತ್ತು, ಬಾ ಮಗು. ನೂರು ಕಾಲ ಬಾಳು, ನಿನ್ನ ದಾರಿಯ ಪ್ರತಿ ತಿರುವಿನಲ್ಲೂ ಒಂದು ಕಟ್ಟೆ ಇರಲಿ.

ಪರದೆ ಏಳುವ ಮುಂಚೆ ಬಾರಿಸುವ ಮೂರನೆಯ ಗಂಟೆಗೆ ಕಿವಿಗೊಟ್ಟು ಕುಳಿತಿರುವ,
ನಿನ್ನ ಮಾವ
ತ್ಯಾಂಪಣ್ಣ